ಎಡಕ್ಕಿದ್ದ ಹಿಡಿ

ಅಪ್ಪ ಸತ್ತ ಮೇಲೆ ಮನೆ, ಅಂಗಡಿ ಎರಡೂ ಅಣ್ಣನ ಪಾಲಿಗೆ ಹೋದವು. ನನ್ನ ಪಾಲಿಗೆ ಬಂದದ್ದು ಗಾಳದ ಕೋಲಿಗೆ ಸಿಕ್ಕಿಸಿ ದಾರ ಸುತ್ತುವ ಒಂದು ಹಳೇ ರೀಲು. 'ಇದು ಅವಳಿಗೇ ಸೇರಬೇಕು' ಎಂದು ಅಪ್ಪ ಒತ್ತಿ ಒತ್ತಿ ಹೇಳಿದ್ದರಂತೆ. ಅಣ್ಣ ಅದನ್ನು ಅಪ್ಪನ ಹರಿದ ಬನಿಯನ್ನಿನಲ್ಲಿ ಸುತ್ತಿ ತಂದ. "ಅದೃಷ್ಟವಂತೆ ಕಣೇ ನೀನು, ಇನ್ಮೇಲೆ ಮೀನಿನ ಖರ್ಚು ಉಳೀತು" ಎಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ರಜೆ ಬಂತೆಂದರೆ ಅಪ್ಪ ಕೋಲು ಹೆಗಲಿಗೇರಿಸಿ ಒಬ್ಬರೇ ಹೊಳೆಯ ಕಡೆ ಹೊರಟುಬಿಡುತ್ತಿದ್ದರು. ನಾನು ಅಳುತ್ತಾ ಬೀದಿಯ ಕೊನೆಯವರೆಗೂ ಹಿಂದೆ ಓಡುತ್ತಿದ್ದೆ. ಒಂದು ದಿನವೂ ಕರೆದೊಯ್ಯಲಿಲ್ಲ, ರೀಲು ಮುಟ್ಟಲೂ ಬಿಡಲಿಲ್ಲ. ಅಂಥವರು ಸಾಯುವಾಗ ಅದನ್ನು ನನಗೇ ಏಕೆ ಕೊಟ್ಟರು? ಪ್ರೀತಿಗೋ, ಅಣಕಕ್ಕೋ? ಅದೊಂದು ತಿಳಿಯದೆ ನನಗೆ ಸಮಾಧಾನವಿರಲಿಲ್ಲ.

ನನ್ನದು ಹೊಲಿಗೆ ಯಂತ್ರ ರಿಪೇರಿ. ಕೆಟ್ಟು ಕೂತ ಯಂತ್ರವನ್ನು ಓಡಿಸುವುದರಲ್ಲಿ ಎತ್ತಿದ ಕೈ ಎಂದು ಹೆಸರಿದೆ. ಆ ಕೈ ಬಲಗೈ. ಹುಟ್ಟುವಾಗ ನಾನು ಎಡಚಿ. ಎಡಗೈಯಲ್ಲಿ ಪೆನ್ಸಿಲು ಹಿಡಿದಾಗಲೆಲ್ಲ ಅಪ್ಪ ಅಡಿಪಟ್ಟಿಯಿಂದ ಗೆಣ್ಣಿಗೆ ಬಾರಿಸುತ್ತಿದ್ದರು. ಅದೂ ಸಾಲದೆ ಆ ಕೈಯನ್ನು ಟವೆಲಿನಿಂದ ಕುರ್ಚಿಯ ಬೆನ್ನಿಗೆ ಕಟ್ಟಿ ಕಾಪಿ ಬರೆಸುತ್ತಿದ್ದರು. ಟವೆಲು ತಂದುಕೊಡುತ್ತಿದ್ದವಳು ಅಮ್ಮ.

ಅಮ್ಮ ಈಗ ನನ್ನ ಜೊತೆಗಿದ್ದಾಳೆ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ನಾನು ರೀಲು ಬಿಚ್ಚಲು ಕೂತಾಗ ಅವಳು ಎದುರಿಗೇ ಕೂತು ಬಾಬಿನ್ನುಗಳಿಗೆ ದಾರ ಸುತ್ತುತ್ತಿದ್ದಳು. ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು ಕಾದು, ಹಲ್ಲು ಕಚ್ಚಿ ತಿರುಗಿಸಿದ ಮೇಲೆ ಸಡಿಲವಾದವು. ಒಳಗೆ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು, ಹಿತ್ತಾಳೆಯ ಚಕ್ರಗಳಿಗೆ ಹಸಿರು ಕಿಲುಬು. ಹಳೇ ಬ್ರಷ್ಷಿನಿಂದ ತಿಕ್ಕಿ, ಸಂದುಗಳನ್ನು ಸೂಜಿಯಿಂದ ಕೆರೆದು, ಎಣ್ಣೆ ಹನಿಸಿ ಮತ್ತೆ ಜೋಡಿಸಿದೆ.

ನೋಡಿದರೆ ತಿರುಗಿಸುವ ಹಿಡಿ ಎಡಕ್ಕಿತ್ತು. ಹೊಲಿಗೆ ಯಂತ್ರದ ಚಕ್ರ ಬಲಕ್ಕಿರುತ್ತದೆ; ನಾನೇ ಉಲ್ಟಾ ಜೋಡಿಸಿದೆನೆಂದು ಬೈದುಕೊಂಡು ಮತ್ತೆ ಬಿಚ್ಚಿದೆ. ಬಲಗಡೆಯ ಮುಚ್ಚಳದಲ್ಲಿ ಹಿಡಿ ಸಿಕ್ಕಿಸಲು ತೂತೇ ಇರಲಿಲ್ಲ.

"ಯಾವ ತಲೆಕೆಟ್ಟವನು ಮಾಡಿದ್ನೋ ಇದನ್ನ! ಹಿಡಿ ಎಡಗಡೆ ಇದೆ."

ಅಮ್ಮ ತಲೆ ಎತ್ತಲಿಲ್ಲ. "ಸರಿಯಾಗೇ ಇದೆ ಬಿಡು. ನಿಮ್ಮಪ್ಪ ಹುಡುಕಿ ಹುಡುಕಿ ತಂದಿದ್ದು. ಅವರೂ ಎಡಚರೇ ಅಲ್ವಾ."

"ಬಲಗೈಲೇ ಬರೀತಿದ್ರಲ್ಲ!"

"ನಿಮ್ಮಜ್ಜ ಹೊಡೆದು ಹೊಡೆದು ಕಲಿಸಿದ್ರು. ಹೊಳೆ ಹತ್ರ ಮಾತ್ರ ಎಡಗೈ. ಅದಕ್ಕೇ ನಿನ್ನ ಕರ್ಕೊಂಡು ಹೋಗ್ತಿರ್ಲಿಲ್ಲ. ನೀನು ನೋಡಿಬಿಟ್ರೆ ಆಮೇಲೆ ಯಾವ ಮುಖ ಇಟ್ಕೊಂಡು ನಿನ್ನ ಹೊಡೀಬೇಕಿತ್ತು?"

"ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಟವೆಲ್ ತಂದುಕೊಡ್ತಿದ್ದೆ."

ಬಾಬಿನ್ನು ನಿಂತಿತು. "ನಿನ್ನ ಒಳ್ಳೇದಕ್ಕೇ ಅಂತಿದ್ರು. ಹಾಸಿಗೆ ಹಿಡಿದ ಮೇಲೆ ಅದನ್ನೇ ನೆನೆಸಿಕೊಂಡು ಅಳ್ತಿದ್ರು. ಇದೊಂದಾದ್ರೂ ಅವಳ ಕೈಗೆ ಹೊಂದುತ್ತೆ, ಅವಳಿಗೇ ಕೊಡು ಅಂದ್ರು."

ಅಂತೂ ಅಣಕವಲ್ಲ, ಪ್ರೀತಿ. ಅಣಕವಾಗಿದ್ದರೇ ಚೆನ್ನಾಗಿತ್ತು, ಬೈದು ಕೈತೊಳೆದುಕೊಳ್ಳಬಹುದಿತ್ತು. ಬದುಕಿದ್ದಾಗ ತಪ್ಪಾಯಿತು ಎಂದು ಬಾಯಿಬಿಡದವರು ಸತ್ತ ಮೇಲೆ ಅದನ್ನು ರೀಲಿನ ಕೈಲಿ ಹೇಳಿಸಿದ್ದರು.

ರೀಲನ್ನು ಬೆಂಚಿಗೆ ಬಿಗಿದೆ. ಅದರಲ್ಲಿದ್ದ ಗಾಳದ ದಾರದ ತುದಿಗೆ ಕತ್ತರಿ ಕಟ್ಟಿ ಬಾಗಿಲ ಬಳಿ ಇಟ್ಟುಬಂದು, ಎಡಗೈಯಲ್ಲಿ ಹಿಡಿ ತಿರುಗಿಸಿದೆ. ರೀಲಿನ ತಪ್ಪೇನೂ ಇರಲಿಲ್ಲ, ಬೆಣ್ಣೆಯಂತೆ ತಿರುಗುತ್ತಿತ್ತು. ನನ್ನ ಬೆರಳುಗಳು ಜಾರಿದವು, ಮಣಿಕಟ್ಟು ಸೋತಿತು, ದಾರ ಸಿಕ್ಕುಸಿಕ್ಕಾಗಿ ಒಂದೇ ಕಡೆ ಗುಡ್ಡೆಯಾಯಿತು. ಕತ್ತರಿ ಅರ್ಧದಾರಿಗೂ ಬರಲಿಲ್ಲ. ನನಗೆ ಗೊತ್ತಿಲ್ಲದೆಯೇ ಬಲಗೈ ಅಡ್ಡಬಂದು ಹಿಡಿಯನ್ನು ಕಿತ್ತುಕೊಂಡಿತು. ಅಪ್ಪ ಯಾವ ಕೈಗೆಂದು ಇದನ್ನು ಉಳಿಸಿಟ್ಟಿದ್ದರೋ ಆ ಕೈಯನ್ನು ಅವರೇ ಮುಗಿಸಿ ಹೋಗಿದ್ದರು.

ಅಮ್ಮ ನೋಡುತ್ತಿದ್ದಳು. "ನಿಧಾನಕ್ಕೆ ಅಭ್ಯಾಸ ಆಗುತ್ತೆ ಬಿಡು" ಎಂದಳು.

ಕುರ್ಚಿಗೆ ಕೈ ಕಟ್ಟಿ ಕೂರಿಸಿದಾಗಲೂ ಅವಳು ಇದೇ ಮಾತು ಹೇಳಿದ್ದಳು. ನಾನು ರೀಲನ್ನು ಬೆಂಚಿನಿಂದ ಬಿಚ್ಚಿ, ಅದೇ ಬನಿಯನ್ನಿನಲ್ಲಿ ಸುತ್ತಿ ಅವಳ ಮಡಿಲಿಗೆ ಹಾಕಿದೆ.