ದೊರೆಯ ಶ್ರುತಿ

ಮಾನ್ಯ ವಾಚಕ ಮಹಾಶಯರೇ, ಈ ಕಥೆಯ ನಾಯಕನನ್ನು ತಮಗೆ ಪರಿಚಯಿಸಬೇಕಾದ ಕ್ಷಣದಲ್ಲಿ ಆತನ ಬಾಯಿ ತೆರೆದಿದೆ, ಬಲಗೈ ಮೇಲಕ್ಕೆ ಚಾಚಿದೆ, ಮತ್ತು ಎದುರಿಗೆ ಕುಳಿತ ಹಾರ್ಮೋನಿಯಂ ಮೇಷ್ಟರು ತಿದಿ ಒತ್ತುವುದನ್ನು ಬಿಟ್ಟು ಕೈಯೆತ್ತಿದ್ದಾರೆ. ಆದಕಾರಣ ಪರಿಚಯವನ್ನು ಕೊಂಚ ತಡೆಹಿಡಿಯಲು ಅಪ್ಪಣೆಯಾಗಬೇಕು.

"ನಿಲ್ಸು," ಎಂದರು ಮಂಟಯ್ಯ ಮೇಷ್ಟರು.

ಶರತ್ ನಿಲ್ಲಿಸಿದ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟ.

"ಎಲ್ಲಿಂದ ಎತ್ಕೊಂಡೆ ಅದ್ನ?"

"ಪೆಟ್ಟಿಗೆಯಿಂದಲೇ ತಗೊಂಡೆ ಮೇಷ್ಟ್ರೇ."

"ತಗೊಂಡಿಲ್ಲ ಕಣಪ್ಪ. ಇಲ್ ಕೇಳು." ಮೇಷ್ಟರು ಒಂದು ಕಪ್ಪು ಕೀ ಒತ್ತಿದರು. "ಇದಕ್ಕೆ ನೀನು ಮ್ಯಾಲಿದ್ದೀಯ." ಪಕ್ಕದ ಬಿಳಿಯದನ್ನು ಒತ್ತಿದರು. "ಇದಕ್ಕೆ ಕೆಳಗಿದ್ದೀಯ. ಇವೆರಡರ ನಡುವೆ ಪೆಟ್ಟಿಗೇಲಿ ಏನೂ ಇಲ್ಲ. ಬರೀ ಸಂದು."

"ಸಂದೀಲೇ ಹಾಡ್ಕೊಳ್ಳಿ ಬುಡಿ," ಎಂದ ಕನಕರಾಜು, ಯೂರಿಯಾ ಚೀಲಗಳ ಮೇಲಿನಿಂದ. ನಾಟಕದಲ್ಲಿ ಅವನದು ಸೇನಾಪತಿಯ ಪಾತ್ರ. "ಸಮುದ್ರದಲ್ಲಿ ಕೈಮರ ಇರಲ್ವಲ್ಲ. ಪಾಪ, ದಾರಿ ತಪ್ಪವ್ನೆ."

ಗೊಬ್ಬರದ ಗೋಡೌನಿನಲ್ಲಿ ಕುಳಿತಿದ್ದ ಪಾತ್ರಧಾರಿಗಳೆಲ್ಲ ನಕ್ಕರು. ಶರತ್ತೂ ನಕ್ಕ. ನಗಲು ತಡವಾದದ್ದು ಅವನಿಗೇ ಗೊತ್ತಾಯಿತು.

ಈಗ ಪರಿಚಯ. ಶರತ್ ಇದೇ ಮಿರ್ಲೆ ಊರಿನವನು, ಸರಕು ಹಡಗಿನಲ್ಲಿ ವಿದ್ಯುತ್ ಅಧಿಕಾರಿ. ವರ್ಷದ ಬಹುಭಾಗ ನೀರಿನ ಮೇಲೆ, ಉಳಿದದ್ದು ಊರಿನಲ್ಲಿ. ಊರಿನವರು ಅವನನ್ನು ಕಂಡಾಗ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಯಾವಾಗ ಬಂದೆ, ಯಾವಾಗ ಹೋಗ್ತೀಯ. ಇವೆರಡರ ನಡುವಿನ ಕಾಲದ ಬಗ್ಗೆ ಯಾರಿಗೂ ಕುತೂಹಲವಿರಲಿಲ್ಲ. ಕ್ರಮೇಣ ಅವನಿಗೂ ಇಲ್ಲವಾಯಿತು. ಮೂರನೆಯದೊಂದು ಪ್ರಶ್ನೆಯನ್ನು ಜನ ಕೇಳುವಂತೆ ಮಾಡಬೇಕೆಂಬ ಹಟವೋ ಏನೋ, ಕಳೆದ ರಜೆಯಲ್ಲಿ ಮಂಟಯ್ಯ ಮೇಷ್ಟರಲ್ಲಿಗೆ ಹೋಗಿ, ಅವರೇ ಬರೆದ ನಾಟಕದ ಸಿಂಹಕೇತು ಮಹಾರಾಜನ ಪಾತ್ರವನ್ನು ಕೇಳಿದ್ದ.

"ಮಾತಿಗಿಂತ ಹಾಡೇ ಜಾಸ್ತಿ ಅದಕ್ಕೆ," ಎಂದಿದ್ದರು ಮೇಷ್ಟರು.

"ಹಡಗಲ್ಲಿ ಕಲ್ಕೊಂಡ್ ಬತ್ತೀನಿ."

"ಕಲ್ತು ಬಂದ್ರೆ ನಿಂದೇ ಬುಡು."

ಕಲಿತು ಬಂದಿದ್ದ. ಅದಿರು ಹೊತ್ತ ಹಡಗು ಬ್ರೆಜಿಲ್‌ನಿಂದ ಚೀನಾಕ್ಕೆ ಸಾಗುವಾಗ ವಾರಗಟ್ಟಲೆ ದಡವೆಂಬುದಿಲ್ಲ. ಕ್ಯಾಬಿನ್ನಿನ ಗೋಡೆಗಳು ತೆಳು. ಪಕ್ಕದವನು ಮಗ್ಗುಲು ಬದಲಿಸಿದರೂ ಕೇಳುತ್ತದೆ. ಆದುದರಿಂದ ದಿನವೂ ಕೆಲಸ ಮುಗಿದೊಡನೆ ಕೆಳಗಿನ ಟ್ರಾನ್ಸ್‌ಫಾರ್ಮರ್ ಕೋಣೆಗಿಳಿದು, ಬಾಗಿಲೆಳೆದುಕೊಂಡು, ಅವನು ದೊರೆಯಾಗುತ್ತಿದ್ದ. ಮೊದಮೊದಲು ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡ. ಅದು ಆ ಕೋಣೆಯ ನಿರಂತರವಾದ ಗುಂಯ್‌ಗುಡುವಿಕೆಯೊಡನೆ ಜಗಳಕ್ಕೆ ನಿಂತಿತು. ಒಂದು ದಿನ ಬೇಸತ್ತು ಮೊಬೈಲನ್ನು ಆರಿಸಿ, ಆ ಗುಂಯ್‌ಗುಡುವಿಕೆಯನ್ನೇ ಶ್ರುತಿಯೆಂದು ಹಿಡಿದು ಷಡ್ಜವನ್ನಿಟ್ಟ. ಕೂತಿತು. ಎಷ್ಟು ಚೆನ್ನಾಗಿ ಕೂತಿತೆಂದರೆ ತನ್ನ ಕಂಠ ತನಗೆ ಕೇಳಿಸುವುದೇ ನಿಂತುಹೋಯಿತು; ಕೋಣೆಯೇ ಹಾಡುತ್ತಿದೆ, ತಾನು ಸುಮ್ಮನೆ ನಿಂತಿದ್ದೇನೆ ಎನ್ನಿಸಿತು. ಅಂಥ ನೆಮ್ಮದಿಯನ್ನು ಅವನು ಮನುಷ್ಯರ ನಡುವೆ ಕಂಡಿರಲಿಲ್ಲ.

ಒಮ್ಮೆ ಫಿಲಿಪೀನ್ಸ್‌ನ ಮೆಕ್ಯಾನಿಕ್ ಒಬ್ಬ ಬಾಗಿಲು ತೆರೆದವನು, ಮೇಲೆತ್ತಿದ ಇವನ ಕೈಯನ್ನು ಕಂಡು ಪ್ರಾರ್ಥನೆಯೆಂದು ಬಗೆದು, ತಲೆಬಾಗಿ ಹಿಂದಿರುಗಿದ. ಶರತ್ ತಿದ್ದಲು ಹೋಗಲಿಲ್ಲ. ಭಕ್ತನೆನಿಸಿಕೊಂಡರೆ ಏಕಾಂತ ಸಿಗುವುದಾದರೆ, ಭಕ್ತನೆನಿಸಿಕೊಳ್ಳುವುದರಲ್ಲಿ ನಷ್ಟವೇನು?

ಈ ಬೆಳಿಗ್ಗೆ, ಕಾಫಿ ಕುಡಿಯುವಾಗ, ಮುಂಬೈಯ ಕಂಪನಿಯಿಂದ ಸಂದೇಶ ಬಂದಿತ್ತು. ಕೊಚ್ಚಿಯಲ್ಲಿ ಹಡಗು ಹತ್ತಬೇಕಾಗಿದ್ದವನು ಕಾಲು ಮುರಿದುಕೊಂಡಿದ್ದಾನೆ, ನಾಡಿದ್ದಿಗೆ ಬರಲಾದೀತೇ? ನಾಟಕ ಮುಂದಿನ ಶನಿವಾರ. ಈ ಹಡಗು ಹತ್ತಿದರೆ ಪಾತ್ರ ಹೋಯಿತು. ಊರು ಮತ್ತೆ ನಾಟಕ ಕಟ್ಟುವುದು ಯಾವ ವರ್ಷವೋ, ಆಗ ಅವನು ಯಾವ ಸಮುದ್ರದಲ್ಲೋ. ಆಗುವುದಿಲ್ಲ, ಮನೆಯಲ್ಲಿ ಮದುವೆಯಿದೆ, ಎಂದು ಬರೆದ. ನಾಟಕವಿದೆ ಎಂದು ಬರೆಯಲು ಬೆರಳು ಒಪ್ಪಲಿಲ್ಲ. ಮನಸ್ಸು ಬದಲಾದರೆ ಸಂಜೆಯೊಳಗೆ ತಿಳಿಸಿ, ಎಂದು ಮರುತ್ತರ ಬಂತು. ಮನಸ್ಸೆಂಬುದು ಕೊನೆಗೂ ಒಂದು ಕಡೆ ನಿಂತಿದೆ, ಇನ್ನೇನು ಬದಲಾಗುವುದು, ಎಂಬ ಸಂತೋಷದಿಂದ ಅವನು ಗೋಡೌನಿಗೆ ನಡೆದು ಬಂದಿದ್ದ.

"ಇನ್ನೊಂದ್ ಸಲ," ಎಂದರು ಮೇಷ್ಟರು.

ಕಪ್ಪು ಕೀಯನ್ನೊತ್ತಿ ಹಿಡಿದರು. ಶರತ್ ಕಣ್ಣು ಮುಚ್ಚಿ ಅದರ ಮೇಲೆಯೇ ಸ್ವರವಿಟ್ಟ. ಮೊದಲ ಸಾಲು ನಿಂತಿತು. ಎರಡನೆಯ ಸಾಲಿನ ನಡುವೆ, ಯಾರೋ ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಂತೆ, ಕಂಠ ತನ್ನ ಜಾಗಕ್ಕೆ ಹೋಗಿ ನಿಂತುಬಿಟ್ಟಿತು. ಬಿಳಿಯದರ ಮೇಲೆ ಪ್ರಯತ್ನಿಸಿದ. ಅಲ್ಲಿಂದಲೂ ಜಾರಿ ಅಲ್ಲಿಗೇ ಬಂದ.

ಆಗ ಹೊಳೆಯಿತು. ಊರಿನ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ಮಿಡಿಯುತ್ತದೆ, ಹಡಗಿನದು ಅರವತ್ತು. ಇದನ್ನು ಅವನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ. ಅವನ ಕಂಠ ಕಲಿತದ್ದು ಆ ಅರವತ್ತರ ಗುಂಯ್‌ಗುಡುವಿಕೆಯನ್ನು; ಅದು ಈ ಪೆಟ್ಟಿಗೆಯ ಯಾವ ಕೀಗೂ ಸೇರಿದ್ದಲ್ಲ.

ಮೊಬೈಲು ತೆಗೆದು, ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಗುಂಡಿಯನ್ನು ತಿರುಗಿಸುತ್ತ ಬಂದ. ಕಪ್ಪು ಬಿಳಿಗಳ ನಟ್ಟನಡುವೆ ನಿಲ್ಲಿಸಿದ. ಹಾಡಿದ.

ಈ ಸಲ ಕೊನೆಯ ಸಾಲಿನವರೆಗೂ ಸ್ವರ ಜಾರಲಿಲ್ಲ.

"ಅಲ್ಲ ಕಣ್ಲಾ," ಎಂದ ಕನಕರಾಜು, "ಇಷ್ಟು ಚೆನ್ನಾಗಿ ಹಾಡೋನು ಇಷ್ಟೊತ್ತು ಯಾಕ್ಲಾ ನಮ್ಮನ್ನ ಗೋಳುಯ್ಕೊಂಡೆ?"

"ಸರ್ಯಾಗೇ ಅದೆ," ಎಂದರು ಮೇಷ್ಟರು ನಿಧಾನವಾಗಿ. "ಒಬ್ನೇ ಹಾಡೋದಾದ್ರೆ ಸರ್ಯಾಗೇ ಅದೆ."

ರಾಣಿಯ ಪಾತ್ರಕ್ಕೆ ಮೈಸೂರಿನಿಂದ ಕರೆಸಿದ ನಟಿ ಪುಟ್ಟಲಕ್ಷ್ಮಿ ಬಾಗಿಲ ಬಳಿ ಕಡಲೆಕಾಯಿ ಬಿಡಿಸುತ್ತಿದ್ದಳು. ಮೇಷ್ಟರು ಸನ್ನೆ ಮಾಡಿದಾಗ ಸಿಪ್ಪೆ ಕೊಡವಿಕೊಂಡು ಎದ್ದು, ಹಾರ್ಮೋನಿಯಮ್ಮಿನ ಶ್ರುತಿಗೆ ರಾಣಿಯ ಸಾಲನ್ನೆತ್ತಿದಳು. ಶರತ್ ಮೊಬೈಲಿನ ಶ್ರುತಿಗೆ ದೊರೆಯ ಸಾಲನ್ನು ಸೇರಿಸಿದ. ಸಿಮೆಂಟಿನ ಮೇಲೆ ತಗಡನ್ನು ಎಳೆದಂತಾಯಿತು. ಒಬ್ಬ ಮಂತ್ರಿ ಕಿವಿ ಮುಚ್ಚಿಕೊಂಡ.

"ಎಲ್ಲರೂ ಈ ಶ್ರುತಿಗೇ ಹಾಡಿದರೆ?" ಎಂದು ಶರತ್ ಕೇಳಿದ. ಕೇಳಿದ ಮೇಲೆ ಅದರ ಅರ್ಥ ಅವನಿಗೆ ತಿಳಿಯಿತು.

"ಪೆಟ್ಟಿಗೆ ಮುಚ್ಚಿಟ್ಟು, ಇಷ್ಟು ಜನವೂ ನಿನ್ನ ತಾವ್ಕೆ ಬರ್ಬೇಕು ಅಂತೀಯ," ಎಂದರು ಮೇಷ್ಟರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಪುಟ್ಟಲಕ್ಷ್ಮಿ ಮತ್ತೆ ಕಡಲೆಕಾಯಿಯತ್ತ ಹೋಗುತ್ತ ಹೇಳಿದಳು: "ಹೋದ ವರ್ಷ ಹಾರನಹಳ್ಳೀಲಿ ದೊರೆಗೆ ಗಂಟಲು ಕಟ್ಟಿತ್ತು ಮೇಷ್ಟ್ರೇ. ಪರದೆ ಹಿಂದಿಂದ ಬೇರೆಯೋರು ಹಾಡಿದ್ರು, ಇವರು ಬಾಯಾಡಿಸಿದ್ರು. ಒಂದು ನರಪಿಳ್ಳೆಗೂ ಗೊತ್ತಾಗಲಿಲ್ಲ. ಇವರಿಗೂ ಹಂಗೇ ಮಾಡಿ. ಮೊಖ ಚೆನ್ನಾಗಿದೆ."

ಯಾರೂ ಶರತ್‌ನ ಕಡೆ ನೋಡಲಿಲ್ಲ. ಅದರಿಂದಲೇ ತೀರ್ಮಾನವಾಗಿದೆ ಎಂದು ಅವನಿಗೆ ತಿಳಿಯಿತು. ಹಾಡಲೆಂದು ಕನಕರಾಜು ಪರದೆಯಂತೆ ಇಳಿಬಿಟ್ಟಿದ್ದ ಟಾರ್ಪಾಲಿನ ಹಿಂದೆ ಹೋಗಿ ನಿಂತ. ದೊರೆಯ ಹಾಡುಗಳೆಲ್ಲ ಅವನಿಗೆ ಕೇಳಿ ಕೇಳಿಯೇ ಬಂದಿದ್ದವು.

ಹಾಡು ಶುರುವಾಯಿತು. ಶರತ್ ತುಟಿಯಾಡಿಸಿದ. ಮೊದಲು ನಾಚಿಕೆಯಾಯಿತು, ಆಮೇಲೆ ಇನ್ನೂ ಕೆಟ್ಟದ್ದೊಂದು ಆಯಿತು: ಹಗುರವಾಯಿತು. ಸ್ವರದ ಕಾವಲು ಕಾಯುವ ಕೆಲಸವಿಲ್ಲದೆ ಮುಖಕ್ಕೆ ಬಿಡುವು ಸಿಕ್ಕಿತ್ತು. ಕೈ ಏಳಬೇಕಾದಲ್ಲಿ ಎದ್ದಿತು. ಸಿಂಹಾಸನವನ್ನು ತ್ಯಜಿಸುವ ಸಾಲಿನಲ್ಲಿ ಕಣ್ಣು ತಾನಾಗಿ ತುಂಬಿಬಂತು. ಬೇರೊಬ್ಬನ ದುಃಖದ ಸದ್ದಿಗೆ ತನ್ನ ಕಣ್ಣೀರು ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದನ್ನು ಅವನು ಒಂದಿಷ್ಟು ದೂರ ನಿಂತು ಗಮನಿಸಿದ.

"ಇದು ದೊರೆ ಅಂದ್ರೆ," ಎಂದರು ಮೇಷ್ಟರು.

ಊಟಕ್ಕೆ ಕರೆಯಲೆಂದು ಬಂದಿದ್ದ ಹೆಂಡತಿ ಹೇಮಶ್ರೀ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ಟಾರ್ಪಾಲಿನ ಹಿಂದೆ ಇದ್ದವನು ಕಾಣುತ್ತಿರಲಿಲ್ಲ.

ಮನೆಯಲ್ಲಿ ಮುದ್ದೆ ಬಡಿಸುತ್ತ ಹೇಳಿದಳು: "ಇವತ್ತು ಚೆನ್ನಾಗಿತ್ತು."

"ಯಾವುದು?"

"ನೀವು ಹಾಡಿದ್ದು. ಹಡಗಿಂದ ಹಾಡು ರೆಕಾರ್ಡ್ ಮಾಡಿ ಕಳಿಸ್ತಿದ್ರಲ್ಲ, ಅದರಲ್ಲಿ ಬರೀ ಮಿಲ್ಲಿನ ಸದ್ದು ಕಣ್ರೀ. ಹೇಳಿದ್ರೆ ಬೇಜಾರಾಗ್ತೀರ ಅಂತ ಸುಮ್ನಿದ್ದೆ. ಇವತ್ತೇ ನಿಮ್ಮ ದನಿ ಅಂತ ಕೇಳಿದ್ದು."

ಅವನು ತಲೆಯೆತ್ತಿ ಅವಳ ಮುಖದಲ್ಲಿ ಕುಹಕವನ್ನು ಹುಡುಕಿದ. ಸಿಕ್ಕಿದ್ದರೆ ಉಪಕಾರವಾಗುತ್ತಿತ್ತು.

"ನಮ್ಮಪ್ಪನ ಗಂಟ್ಲು ಅದು," ಎಂದಳು ತಾಯಿ ಮಲ್ಲಾಜಮ್ಮ, ಗೋಡೌನಿನ ಹತ್ತಿರವೂ ಸುಳಿಯದವಳು. "ರಕ್ತದಲ್ಲಿ ಬಂದದೆ, ಎಲ್ಲೋದಾತು?"

"ಸಾರು ಹಾಕು," ಎಂದ ಶರತ್.

ಊಟವಾದ ಮೇಲೆ ಹಿತ್ತಿಲಿಗೆ ಹೋಗಿ ಕಂಪನಿಗೆ ಬರೆದ: ಬರುತ್ತೇನೆ. ಮದುವೆ ಏನಾಯಿತು, ಎಂದು ಆ ಕಡೆಯವನು ಸೌಜನ್ಯಕ್ಕೆ ಕೇಳಿದ. ಮುಂದಕ್ಕೆ ಹೋಯಿತು, ಎಂದು ಬರೆದ. ಹೆಬ್ಬೆರಳಿನ ಚಿತ್ರವೊಂದು ಬಂತು. ಅದಾದ ಮೇಲೆ ಕನಕರಾಜುವಿಗೆ ಫೋನು ಮಾಡಿದ.

"ಹೊಂಟ್ ಬಿಟ್ಯಾ?" ಎಂದ ಕನಕರಾಜು. "ಅಂಗಾದ್ರೆ ಒಳಗೂ ನಾನೇ, ಹೊರಗೂ ನಾನೇನಾ? ನಿನ್ನ ಮೊಖ ತಗೊಂಡೋಯ್ತೀಯಲ್ಲೋ, ಅದಕ್ಕೇನ್ ಮಾಡ್ಲಿ?"

"ಬಣ್ಣ ಹಚ್ತಾರೆ ಬಿಡು."

ಗಂಟು ಕಟ್ಟುವುದು ಅವನಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿದ್ದ ವಿದ್ಯೆ. ಎಂಜಿನ್ ಕೋಣೆಯ ಉಡುಪು, ದಪ್ಪ ಅಡಿಯ ಬೂಟು, ಪಾಸ್‌ಪೋರ್ಟು, ಮಲ್ಲಾಜಮ್ಮನ ಉಪ್ಪಿನಕಾಯಿ. ಹೇಮಶ್ರೀ ಬಾಗಿಲಿಗೊರಗಿ ನೋಡುತ್ತಿದ್ದಳು.

"ಬರಲ್ಲ ಅನ್ನೋಕಾಗಲ್ವಾ?"

"ಆಗಲ್ಲ."

"ಇನ್ನೊಂದೇ ವಾರ ಅಲ್ವಾ?"

"ಹಡಗು ಕಾಯಲ್ಲ."

"ಪಾತ್ರ ಯಾರು ಮಾಡ್ತಾರೆ?"

"ಕನಕರಾಜು."

"ಅವನಿಗೆ ಹಾಡೋಕೆ ಬರುತ್ತಾ?"

ಶರತ್ ಚೀಲದ ಜಿಪ್ಪು ಎಳೆಯುತ್ತಿದ್ದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಡಿಸಿ, ಪೂರ್ತಿ ಎಳೆದ.

"ಬರುತ್ತೆ," ಎಂದ.

ಸಂಜೆಯ ಬಸ್ಸು ಸಾಲಿಗ್ರಾಮದ ಕಡೆಯಿಂದ ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೆ.ಆರ್. ನಗರಕ್ಕೆ ಟಿಕೆಟ್ಟು ಹರಿದುಕೊಡುತ್ತ ಕಂಡಕ್ಟರು, ಪರಿಚಯದವನಾದ್ದರಿಂದ, "ಯಾವಾಗ ಬಂದಿದ್ರಿ ಸಾರ್?" ಎಂದ. ಉತ್ತರಕ್ಕೆ ಕಾಯದೆ ಮುಂದಿನ ಸೀಟಿಗೆ ಹೋದ.

ನಾಲೆ ದಾಟಿದ ಮೇಲೆ ಹೊರಗೆ ಬತ್ತದ ಗದ್ದೆಗಳ ಹಸಿರು ಕಪ್ಪಾಗುತ್ತ ಬಂದು, ಗಾಜಿನಲ್ಲಿ ಅವನ ಮುಖ ಮೂಡಿತು. ಅದರ ತುಟಿಗಳು ಅಲುಗುತ್ತಿದ್ದವು. ಸಿಂಹಾಸನವನ್ನು ತ್ಯಜಿಸುವ ಹಾಡೇ, ಅನುಮಾನವಿಲ್ಲ. ತುಟಿಗಳ ಚಲನೆಯಿಂದ ಸಾಲನ್ನು ಓದಬಹುದಾಗಿತ್ತು. ಆದರೆ ಸ್ವರ ಹೊರಡುತ್ತಿದೆಯೇ ಇಲ್ಲವೇ ಎಂಬುದು ಬಸ್ಸಿನ ಸದ್ದಿನಲ್ಲಿ ತಿಳಿಯುವಂತಿರಲಿಲ್ಲ. ಪಕ್ಕದಲ್ಲಿದ್ದವನ ಮುಖ ನೋಡಿದ. ಆತ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ.

ಶರತ್ ಅಂಗೈಯನ್ನು ತನ್ನ ಕೊರಳಿನ ಮೇಲಿಟ್ಟು ನೋಡಿದ. ಕೊರಳು ನಡುಗುತ್ತಿತ್ತು. ಕೈ ತೆಗೆದು ಎದುರಿನ ಕಂಬಿಯ ಮೇಲಿಟ್ಟ. ಅದೂ ಅಷ್ಟೇ ನಡುಗುತ್ತಿತ್ತು. ತೊಡೆಯ ಮೇಲಿನ ಚೀಲವೂ, ಕಾಲ ಕೆಳಗಿನ ತಗಡೂ. ಕೊನೆಗೆ ಗಾಜಿನ ಮೇಲೆ, ಆ ಬಾಯಿಯಿದ್ದ ಜಾಗದಲ್ಲಿಯೇ, ಕೈಯಿಟ್ಟು ಒತ್ತಿ ಹಿಡಿದ. ಗಾಜು ತಣ್ಣಗಿತ್ತು. ಬೆರಳುಗಳ ಸಂದಿನಲ್ಲಿ ತುಟಿಗಳು ಅಲುಗುತ್ತಲೇ ಇದ್ದವು.