ಕಾಡುಹರಳಿನ ಬೇಲಿ

ನರ್ಸರಿ ತಾತನಿಗೆ ಗೊತ್ತಿಲ್ಲದ ಗಿಡವೇ ಇಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ತಾತನೂ ಆ ಹೊಗಳಿಕೆಯನ್ನು ಬೇಡವೆಂದವನಲ್ಲ. ಅಂಥವನು ಈಗ ಮಕ್ಕಳ ವಾರ್ಡಿನಲ್ಲಿ ಕಾಡುಹರಳಿನ ಕೊಂಬೆಯೊಂದನ್ನು ಕೈಯಲ್ಲಿ ಹಿಡಿದು ಬೆಪ್ಪನಂತೆ ನಿಂತಿದ್ದ.

"ಇದರ ಬೀಜಾನೇ ತಿಂದಿದ್ದು ಅಂತ ಖಂಡಿತಾನಾ?" ಡಾಕ್ಟರಮ್ಮ ಕೇಳಿದರು.

"ಇದೇ ತಾಯಿ. ಬೇಲಿಗೆ ಹಾಕೋದು. ಇದರಲ್ಲಿ ನೂರಕ್ಕೂ ಹೆಚ್ಚು ಬಗೆ ಇದೆ. ಕೆಂಪು ಹೂ ಬಿಡೋವನ್ನ ಚಂದಕ್ಕೆ ಅಂತ ಕುಂಡದಲ್ಲೂ ಬೆಳೆಸ್ತಾರೆ. ಮೇಕೆ ಕೂಡ ಬಾಯಿ ಹಾಕಲ್ಲ…"

"ಯಾಕೆ ಹಾಕಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ?"

ಗೊತ್ತಿತ್ತು. ಗೊತ್ತಿಲ್ಲದ ದಡ್ಡನಾಗಿದ್ದರೆ ಎಷ್ಟೋ ವಾಸಿಯಿತ್ತು.

ಮಂಚದ ಮೇಲೆ ಆರು ವರ್ಷದ ಮೊಮ್ಮಗಳು. ಮೂರು ಹೊತ್ತೂ ತಾತನ ಹಿಂದೆಯೇ ಸುತ್ತುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವಳು 'ಬಾಲ'. ಬೆಳಿಗ್ಗೆಯಿಂದ ಹೊಟ್ಟೆಯಲ್ಲಿ ಒಂದು ಗುಟುಕು ನೀರೂ ನಿಲ್ಲುತ್ತಿರಲಿಲ್ಲ. ಕಣ್ಣು ಗುಳಿ ಬಿದ್ದಿತ್ತು.

"ಈ ವಿಷಕ್ಕೆ ಅಂತ ಬೇರೆ ಮದ್ದಿಲ್ಲ," ಎಂದರು ಡಾಕ್ಟರಮ್ಮ. "ಡ್ರಿಪ್ ಹಾಕಿದೀವಿ, ಕಾಯಬೇಕು. ಎಷ್ಟು ತಿಂದೆ ಪುಟ್ಟಾ?"

"ತಿಂದಿದ್ದಲ್ಲ, ಕೆಲಸ ಮಾಡಿದ್ದು," ಬಾಲ ಬತ್ತಿದ ದನಿಯಲ್ಲೇ ತಿದ್ದಿದಳು. "ಜೊಳ್ಳನ್ನೆಲ್ಲ ಆ ಕಡೆ ಹಾಕಿದೆ. ಗಟ್ಟಿ ಇದ್ದಿದ್ದು ಹದಿನಾಲ್ಕು. ತಾತನ ಹಾಗೇ ಕಡಿದು ನುಂಗಿದೆ."

ತಾತ ಕೈಯಲ್ಲಿದ್ದ ಕೊಂಬೆಯನ್ನು ಕೆಳಗಿಟ್ಟ. ಬಿತ್ತುವ ಮುಂಚೆ ಹಿಡಿಗೊಂದು ಬೀಜ ಕಡಿದು ಗಟ್ಟಿಯೋ ಜೊಳ್ಳೋ ನೋಡುವುದು ಅವನ ನಲವತ್ತು ವರ್ಷದ ಚಾಳಿ. ಕಡಿದದ್ದನ್ನು ತಕ್ಷಣ ಉಗಿದು ಬಾಯಿ ಮುಕ್ಕಳಿಸುತ್ತಿದ್ದ. ಆದರೆ ಮಗು ಕಂಡಕಂಡಲ್ಲಿ ಉಗಿಯುವುದನ್ನು ಕಲಿಯುತ್ತಿದೆ ಎಂದು ಹೋದ ತಿಂಗಳು ಮಗಳು ರೇಗಿದ್ದಳು. ಅಂದಿನಿಂದ ಗೋಡೆಯ ಹಿಂದೆ ಹೋಗಿ ಉಗಿದು ಬರುತ್ತಿದ್ದ. ಬಾಲ ಕಂಡದ್ದು ಕಡಿಯುವುದನ್ನು ಮಾತ್ರ.

ಡಾಕ್ಟರಮ್ಮ ಚೀಟಿಯಲ್ಲಿ ಹದಿನಾಲ್ಕು ಎಂದು ಬರೆದುಕೊಂಡರು. "ಕಮ್ಮಿ ಏನಲ್ಲ. ನಾಳೆವರೆಗೆ ಏನೂ ಹೇಳಕ್ಕಾಗಲ್ಲ," ಎಂದು ಪಕ್ಕದ ಮಂಚಕ್ಕೆ ಹೋದರು.

ಮಂಚದ ಆಚೆ ಬದಿಯಲ್ಲಿ ಕೂತಿದ್ದ ಮಗಳು ಅಪ್ಪನ ಮೇಲೆ ಹರಿಹಾಯ್ದಳು. "ಬುದ್ಧಿ ಬೇಡ್ವೇನಪ್ಪಾ ನಿಂಗೆ? ವಿಷ ಅಂತ ಗೊತ್ತಿದ್ದೂ ಬಾಯಿಗೆ ಹಾಕ್ಕೊಂಡ್ಯಲ್ಲ, ಅವಳೆದುರಿಗೇ ಉಗಿಯೋದಕ್ಕೆ ಏನಾಗಿತ್ತು…"

ಸೆರಗಿನ ತುದಿ ಬಾಯಿಗೆ ಹೋಯಿತು. ಅವಳಿಗೂ ನೆನಪಾಗಿತ್ತು.

ನಿನ್ನ ತಪ್ಪಲ್ಲ ಮಗಳೇ ಎನ್ನಬೇಕೆನಿಸಿತು ತಾತನಿಗೆ. ಬಾಯಿಬಿಟ್ಟು ಹಾಗಂದರೆ ಅವಳದೂ ತಪ್ಪಿದೆ ಎಂದು ತಾನೇ ಎತ್ತಿ ತೋರಿಸಿದಂತಾಗುತ್ತಿತ್ತು. ಸತ್ತೇಹೋಯಿತೆಂದು ಜನ ಬಿಸಾಡಿದ ಗಿಡಗಳನ್ನು ಚಿಗುರಿಸಿದ ಕೈ ಅವನದು. ಆ ಕೈಯಿಂದ ಈಗ ಆಗುತ್ತಿದ್ದುದು ಬೇಸಿನ್ ಹಿಡಿಯುವುದೊಂದೇ.

ಬಾಲ ಮತ್ತೆ ವಾಂತಿ ಮಾಡಿಕೊಂಡಳು. ಈ ಸಲ ಬಂದದ್ದು ಬರೀ ಹಳದಿ ನೀರು. ತಾತ ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸಿದ. ಡ್ರಿಪ್ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ ಅವಳು ಅವನ ಹೊಟ್ಟೆ ಮುಟ್ಟಿದಳು.

"ತಾತಾ, ದಿನಾ ನಿಂಗೂ ಹೀಗೇ ನೋಯ್ತಿತ್ತಾ?" ಎಂದಳು. "ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"