ಎಲ್ಲರೂ ಕಣ್ಣು ಮುಚ್ಚಿದಾಗ

ಮುಂದಿನ ಬೆಂಚಿನ ಮನುಷ್ಯನ ಕಾಲರು ಒಂದು ಕಡೆ ಮಡಚಿಕೊಂಡಿದೆ, ಇಸ್ತ್ರಿ ಮಾಡಿದವರು ಯಾರೋ ಆತುರಗೇಡಿ, ಒದ್ದೆ ಇರುವಾಗಲೇ ಒತ್ತಿಬಿಟ್ಟಿದ್ದಾರೆ, ಅಕ್ಕ ನೋಡಿದ್ದರೆ ಆರಾಧನೆಯ ನಡುವೆಯೇ ಕೈ ಚಾಚಿ ಸರಿಮಾಡುತ್ತಿದ್ದಳು — ಅಕ್ಕನಿಗೆ ಈಗ ಚಾಚಲು ಕೈಯೆಲ್ಲಿದೆ, ಮೊದಲ ಸಲ ಲಕ್ವ ಹೊಡೆದಾಗ ಮಾತು ಹೋಯಿತು, ಎರಡನೆಯ ಸಲ ಕೈಕಾಲು, ಉಳಿದಿರುವುದು ಕತ್ತಿನಿಂದ ಮೇಲಿನ ಅಕ್ಕ ಮಾತ್ರ, ಪಕ್ಕದ ಮನೆಯಾಕೆಯನ್ನು ಅವಳ ಹತ್ತಿರ ಕೂರಿಸಿ ಇವಳು ಬಂದಿದ್ದಾಳೆ, ಆಕೆ ಟಿವಿ ಹಾಕಿಕೊಂಡು ಮೈಮರೆಯದಿದ್ದರೆ ಸಾಕು. ಹಾಡು ಮುಗಿಯಿತು, ಬೆಂಚುಗಳು ಕಿರುಗುಟ್ಟಿದವು, ಸಭಾಪಾಲಕರು ಕನ್ನಡಕ ತೆಗೆದು ಇವಳ ಕಡೆಗೇ ನೋಡುತ್ತಿದ್ದಾರೆ, ಅಯ್ಯೋ, ಕರೆಯುತ್ತಾರಾ, ಕರೆದೇಬಿಟ್ಟರು, ನಿಮ್ಮ ಅಕ್ಕನಿಗೋಸ್ಕರ ಸಭೆಯೆಲ್ಲ ಪ್ರಾರ್ಥನೆ ಮಾಡ್ತಾ ಇದೆಯಮ್ಮ, ಇವತ್ತು ನೀವೇ ಬಂದು ನಡೆಸಿಕೊಡಿ, ಒಡಹುಟ್ಟಿದವರ ಬಾಯಿಂದ ಬಂದ್ರೆ ಅದರ ತೂಕಾನೇ ಬೇರೆ. ತೂಕ — ಅವಳು ಏಳುತ್ತಾಳೆ, ಮೊಣಕಾಲು ಚುಳ್ಳೆನ್ನುತ್ತದೆ — ತೂಕವೆಂದರೆ ಒದ್ದೆ ಬೆಡ್‌ಶೀಟಿನದು, ಇಬ್ಬರೂ ದುಡಿದ ಲಾಂಡ್ರಿಯಲ್ಲಿ ಯಂತ್ರದ ಹೊಟ್ಟೆಯಿಂದ ಎಳೆದಾಗ ಹೆಣಭಾರ, ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ಇವಳ ಕೈಯಲ್ಲಿ, ಜಾಡಿಸು, ಎಳೆ, ಮಡಚು, ಹತ್ತಿರ ಬಾ, ಆ ಗದ್ದಲದಲ್ಲಿ ಬಾಯಿಮಾತು ಕೇಳಿಸುವುದುಂಟೇ, ಎಲ್ಲವೂ ತಲೆಯ ಸನ್ನೆಯಲ್ಲೇ, ಅಕ್ಕ ಗಲ್ಲ ಮೇಲೆತ್ತಿದರೆ ಎಳೆ ಎಂದರ್ಥ, ತಲೆಯನ್ನು ಮೆಲ್ಲಗೆ ಅತ್ತ ಇತ್ತ ಆಡಿಸಿದರೆ ಬಿಡು, ಸಾಕು, ನಿನ್ನ ತುದಿ ಬಿಟ್ಟುಬಿಡು, ಬಟ್ಟೆ ಹರಿದೀತು. ಬಿಡುವುದು ತಡವಾದರೆ ಆಮೇಲೆ ಟೀ ಕುಡಿಯುವಾಗ ಮಂಗಳಾರತಿ, ಏನೇ, ಜಿಗಣೆ ಥರ ಹಿಡ್ಕೋತೀಯಲ್ಲೇ, ಬಿಡು ಅಂದ್ರೆ ಬಿಡೋದು ಕಲಿ. ಅಮ್ಮ ಹೋದಮೇಲೆ ಇವಳಿಗೆ ಜಡೆ ಹೆಣೆದವಳು, ಮದುವೆಯ ಮಾತು ಬಂದಾಗಲೆಲ್ಲ ಇವಳತ್ತ ಬೆರಳು ಮಾಡಿ ಈ ಪೀಡೇನ ಯಾರು ನೋಡ್ಕೋತಾರೆ ಎಂದು ನಕ್ಕು ತಳ್ಳಿಹಾಕಿದವಳು, ಅವಳಿಲ್ಲದ ಮನೆಯ ಬೀಗ ತೆಗೆದು ಒಳಗೆ ಕಾಲಿಡುವುದು ಹೇಗೆ, ಯಾರನ್ನು ಕೂಗುವುದು.

ಕೆಂಪು ಜಮಖಾನೆಯ ಮೇಲೆ ನಡೆಯುತ್ತಿದ್ದಾಳೆ, ಎಡಗಡೆಯ ಸಾಲಿನಿಂದ ಗೂಡ್ಸ್ ಗಾಡಿ ಅವಳ ಕೈ ಅದುಮಿ ಬಿಟ್ಟರು — ಅಕ್ಕನೇ ಇಟ್ಟ ಹೆಸರು, ಆ ನರ್ಸಮ್ಮ ಪ್ರಾರ್ಥನೆಗೆ ಬಾಯಿ ತೆರೆದರೆ ಡಬ್ಬಿಯ ಹಿಂದೆ ಡಬ್ಬಿ, ಕೊನೆಯ ಡಬ್ಬಿ ಬರುವುದೇ ಇಲ್ಲ, ದೇವರಿಗೂ ಬೇರೆ ಕೆಲ್ಸ ಇರುತ್ತಲ್ಲೇ ಎಂದು ಅಕ್ಕ ಕಿವಿಯಲ್ಲಿ ಉಸುರುವಳು, ಎಲ್ಲರೂ ಕಣ್ಣು ಮುಚ್ಚಿದಾಗ ಇವರಿಬ್ಬರು ಮಾತ್ರ ಕಣ್ಣು ಬಿಟ್ಟು ಒಬ್ಬರನ್ನೊಬ್ಬರು ನಗಿಸುವರು, ಚಿಕ್ಕಂದಿನ ಚಾಳಿ, ಕೂದಲು ನರೆತರೂ ಹೋಗಲಿಲ್ಲ. ಈಗ ಬುಧವಾರ ಬುಧವಾರ ನರ್ಸಮ್ಮ ಹೆಂಗಸರನ್ನು ಕಟ್ಟಿಕೊಂಡು ಮನೆಗೇ ಬರುತ್ತಾರೆ, ಪಾಪ, ಕೆಟ್ಟವರಲ್ಲ, ಮಂಚದ ಸುತ್ತ ನಿಂತು ಕಣ್ಣೀರಿಟ್ಟೇ ಬೇಡುತ್ತಾರೆ, ಕರ್ತನೇ ಈ ನಿನ್ನ ಮಗಳನ್ನು ಎಬ್ಬಿಸು, ಇನ್ನೂ ಆಯಸ್ಸು ಕೊಡು, ಹಾಗೆ ಬೇಡುತ್ತಿದ್ದಾಗಲೇ ಹಳೆಯ ಚಾಳಿಗೆ ಇವಳು ಕಣ್ಣು ತೆರೆದದ್ದು, ಸುತ್ತಲೂ ಮುಚ್ಚಿದ ರೆಪ್ಪೆಗಳು, ದಿಂಬಿನ ಮೇಲೆ ಅಕ್ಕನ ಕಣ್ಣುಗಳು ಮಾತ್ರ ತೆರೆದು ಇವಳನ್ನೇ ನೋಡುತ್ತಿವೆ, ನರೆತ ತಲೆ ಅತ್ತ, ಇತ್ತ. ನೊಣ ಇದ್ದೀತು. ನೊಣವೇ, ಇನ್ನೇನು, ಎಂದು ಕಿಟಕಿ ಮುಚ್ಚಿದಳು, ಮರುವಾರ ಸೊಳ್ಳೆಪರದೆ ಕಟ್ಟಿದಳು, ಆಯಸ್ಸು ಕೊಡು ಎಂಬ ಮಾತು ಬಂದ ಕೂಡಲೇ ಮತ್ತೆ ಅದೇ, ಅತ್ತ, ಇತ್ತ, ಪರದೆಯೊಳಗೆ ನೊಣ ಎಲ್ಲಿಂದ ಬರಬೇಕು. ಗೊತ್ತಾಯಿತು, ಲಾಂಡ್ರಿಯ ಅದೇ ಸನ್ನೆ, ಗೊತ್ತಾಗದಂತೆ ಇದ್ದಳು. ಬೆಳಿಗ್ಗೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಹಾಲು ಒಲೆಯ ಮೇಲಿಟ್ಟು, ಒಬ್ಬಳೇ ದೇವರ ಹತ್ತಿರ ತರಕಾರಿಯವನ ಹತ್ತಿರ ಆಡುವಂತೆ ಚೌಕಾಸಿ, ಏಳದಿದ್ದರೂ ಬೇಡ, ಮಾತಾಡದಿದ್ದರೂ ಬೇಡ, ಆ ಕೋಣೆಯಲ್ಲಿ ಉಸಿರಾಡುತ್ತ ಮಲಗಿರಲಿ ಸಾಕು, ಇನ್ನೊಂದು ವರ್ಷ, ಹೋಗಲಿ, ಆರು ತಿಂಗಳು — ಹಾಲು ಉಕ್ಕಿ ಒಲೆ ಆರುತ್ತಿತ್ತು. ಅದು ಅಕ್ಕನಿಗಾಗಿ ಮಾಡಿದ ಪ್ರಾರ್ಥನೆಯೇ ಅಲ್ಲ, ತನಗಾಗಿ, ಬರೀ ತನಗಾಗಿ. ಒಲೆ ಒರೆಸಿ ಒಳಗೆ ಹೋಗಿ ಬೆನ್ನಿನ ಹುಣ್ಣು ತೊಳೆಯುವಾಗ ಅಕ್ಕನ ಕಣ್ಣಿನ ನೀರು ಮೂಗಿನ ಮೇಲೆ ಹಾದು ದಿಂಬಿಗೆ ಇಳಿಯುತ್ತಿತ್ತು, ಬಾಯಿ ತೆರೆದರೂ ನರಳಾಟಕ್ಕೆ ದನಿಯಿಲ್ಲ.

ಮೈಕಿಗೆ ಕಬ್ಬಿಣದ ವಾಸನೆ. ಎಲ್ಲರೂ ತಲೆ ಬಗ್ಗಿಸಿದರು, ಕಣ್ಣು ಮುಚ್ಚಿದರು, ಇಷ್ಟು ಜನ ಒಟ್ಟಾಗಿ ಕಣ್ಣು ಮುಚ್ಚಿದರೆ ಎಂಥ ಮೌನ, ಕರ್ತನೇ — ದನಿ ಹಿಂದಿನ ಗೋಡೆಗೆ ಬಡಿದು ಬೇರೆ ಯಾರದೋ ಆಗಿ ಮರಳುತ್ತದೆ — ಕರ್ತನೇ, ನಮ್ಮ ಅಕ್ಕನನ್ನು — ಎಬ್ಬಿಸು ಎನ್ನಬೇಕು, ನಾಲಿಗೆಯ ತುದಿಯಲ್ಲೇ ಇದೆ, ಇಷ್ಟೂ ಮಂದಿ ಆಮೆನ್ ಎಂದರೆ ದೇವರಾದರೂ ಇಲ್ಲವೆಂದಾನೇ, ಅದೇ ಭಯ, ಕೊಟ್ಟೇಬಿಟ್ಟರೆ, ಇನ್ನೊಂದು ವರ್ಷ ಆ ಹುಣ್ಣು, ಮೂಗಿನಲ್ಲಿ ಆ ನಳಿಕೆ, ಬುಧವಾರ ಬುಧವಾರ ಆ ಕಣ್ಣು, ಅಕ್ಕಾ, ನಾನು ಕಲಿಯಲಿಲ್ಲ ಕಣೇ, ನೀನು ಎಷ್ಟು ಬೈದರೂ ಕಲಿಯಲಿಲ್ಲ. ಕರ್ತನೇ, ನಮ್ಮಕ್ಕನಿಗೆ ಸಾಕಾಗಿದೆ. ಅವಳು ಬೇಡ ಅಂತಿದಾಳೆ, ನಾನೇ ಬಿಡ್ತಾ ಇಲ್ಲ. ಅವಳನ್ನ ಕರ್ಕೊಂಡುಬಿಡು. ಯಾರೋ ಉಸಿರೆಳೆದುಕೊಂಡರು. ನರ್ಸಮ್ಮನ ಕಣ್ಣು ತೆರೆದವು, ಅವರ ಪಕ್ಕದವರದು, ಹಿಂದಿನವರದು, ಸಾಲು ಸಾಲಾಗಿ ಕಣ್ಣು ತೆರೆದುಕೊಳ್ಳುತ್ತಿವೆ, ಪ್ರಾರ್ಥನೆ ನಡೆಸಿದವಳೇ ಮೊದಲು ಆಮೆನ್ ಎನ್ನಬೇಕು, ಅಂದರೆ ಮುಗಿಯಿತು, ಒಂದೇ ಮಾತು, ಹುಟ್ಟಿದಾಗಿನಿಂದ ಅಂದ ಮಾತು, ತುಟಿ ತೆರೆದಿದೆ, ದನಿ ಬರುತ್ತಿಲ್ಲ, ದಿಂಬು, ದಿಂಬಿನ ಮೇಲೆ ನರೆತ ತಲೆ, ಅತ್ತ, ಇತ್ತ, ಅತ್ತ —